ಅಂಚೆಯವನ ಹಗುರ ಮೆಟ್ಟು

ನವೆಂಬರ್ ಹನ್ನೊಂದು, ಸೋಮವಾರ. ಬೆಳಗಿನಿಂದ ಮೋಡ. ಮಳೆಯಿಲ್ಲ, ಗಾಳಿಯೂ ಇಲ್ಲ.

"ಸರ್, ಈ ಶೂ ದಿನದ ಓಟಕ್ಕೆ ಆಗುತ್ತಾ, ಇಲ್ಲವಾ? ಇವತ್ತು ಹೇಳಿಬಿಡಿ" ಎಂದು ನೇತ್ರಾ ಕೇಳಿದಳು.

ಮುದ್ದಯ್ಯ ಮೇಷ್ಟ್ರು ತಾಲ್ಲೂಕು ಮೈದಾನದಲ್ಲಿ ಓಟ ಕಲಿಸುತ್ತಿದ್ದರು. ನೇತ್ರಾ ಅವರ ಶಿಷ್ಯೆ. ಮೂರು ವಾರದಿಂದ ಅವಳು ಆ ಹೊಸ ಶೂ ಹಾಕಿಕೊಂಡು ಓಡಿದ್ದಳು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದ್ದಳು. ಒಂದೊಂದೂ ಇನ್ನೂರು ಗ್ರಾಂ ಕೂಡ ಇರಲಿಲ್ಲ. ಮಣ್ಣಿನಲ್ಲಿ, ಟಾರಿನಲ್ಲಿ, ಒದ್ದೆ ಹುಲ್ಲಿನಲ್ಲಿ ಓಡಿ ನೋಡಿದ್ದಳು. ಹಿಮ್ಮಡಿ ನೋಯಲಿಲ್ಲ, ಬೆರಳು ಉಜ್ಜಲಿಲ್ಲ. ಹತ್ತು ಕಿಲೋಮೀಟರಿಗೆ ಎರಡು ನಿಮಿಷ ಉಳಿದಿತ್ತು.

"ನಾನು ಮುಂದೆ ಓಡಿದರೆ ಉಳಿದ ಐದು ಹುಡುಗಿಯರೂ ಹಳೆಯ ಶೂನಲ್ಲೇ ಇದೇ ವೇಗಕ್ಕೆ ಬರ್ತಿದ್ದಾರೆ ಸರ್. ಮೊದಲು ಬರ್ತಿರಲಿಲ್ಲ."

ಮೇಷ್ಟ್ರು ಶೂವನ್ನು ತಿರುಗಿಸಿ ನೋಡಿದರು, ಬಗ್ಗಿಸಿದರು, ಹಿಂದಕ್ಕೆ ಕೊಟ್ಟರು.

"ಒಳ್ಳೆಯ ಶೂ. ಕೂತ್ಕೋ."

ಅವಳು ಕೂರಲಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಳು. ಮೇಷ್ಟ್ರು ಕತೆ ಹೇಳಿದರು.

ಅಂಚೆ ಕಾಲುನಡಿಗೆಯಲ್ಲಿ ಹೋಗುತ್ತಿದ್ದ ಕಾಲ. ಒಬ್ಬ ಅಂಚೆ ಓಟಗಾರನಿದ್ದ. ಊರಿನಿಂದ ಎರಡು ಹರದಾರಿ, ಅಂದರೆ ಆರು ಮೈಲಿ ದೂರದ ಮಂಟಪದವರೆಗೆ ಅವನ ದಾರಿ. ಪೂರ್ತಿ ಬಯಲು. ಮಂಟಪದಲ್ಲಿ ಚೀಲವನ್ನು ಮುಂದಿನವನಿಗೆ ಕೊಡಬೇಕು. ಮುಂದಿನವನು ಅವನ ಸೋದರಮಾವ. ಮಾವನ ದಾರಿ ಗುಡ್ಡ ಹತ್ತಿ ಆಚೆ ಇಳಿಯುತ್ತಿತ್ತು. ಮಾವ ಆಚೆಯ ಅಂಚೆಯೊಂದಿಗೆ ಮರಳುವವರೆಗೆ ಅಳಿಯ ಮಂಟಪದಲ್ಲಿ ಕಾದು, ಆ ಚೀಲವನ್ನು ಊರಿಗೆ ಒಯ್ಯಬೇಕು. ಮಂಟಪದಲ್ಲಿ ಒಬ್ಬ ಗುಮಾಸ್ತ ಹೊತ್ತು ಅಳೆಯುವ ಗಳಿಗೆ ಬಟ್ಟಲು ಇಟ್ಟುಕೊಂಡು, ಯಾರು ಎಷ್ಟು ಹೊತ್ತಿಗೆ ಬಂದರೆಂದು ಚೀಟಿಯಲ್ಲಿ ಬರೆಯುತ್ತಿದ್ದ. ಒಂದು ದಾರಿಗೆ ಕೊಟ್ಟ ಹೊತ್ತು ಮೂರೂವರೆ ಗಳಿಗೆ; ಒಂದು ಗಳಿಗೆಯೆಂದರೆ ಇಪ್ಪತ್ತನಾಲ್ಕು ನಿಮಿಷ. ತಿಂಗಳಲ್ಲಿ ಮೂರು ಸಲ ತಡವಾದರೆ ಕೆಲಸ ಹೋಗುತ್ತಿತ್ತು.

ಓಟಗಾರನ ಮೆಟ್ಟು ಎಮ್ಮೆ ಚರ್ಮದ್ದು, ಮೂರು ಪದರದ್ದು. ಊರಿನಲ್ಲಿ ಮೆಟ್ಟು ಹೊಲಿಯುವವನು ಒಂದು ದಿನ ಒಂದೇ ಪದರದ ಜೊತೆಯೊಂದನ್ನು ಮಾಡಿಕೊಟ್ಟ. ಅಂಗೈ ಮೇಲಿಟ್ಟರೆ ಇಟ್ಟಂತೆಯೇ ಇರಲಿಲ್ಲ.

"ಇದು ದಿನದ ಕೆಲಸಕ್ಕೆ ಆಗುತ್ತದೆಯೇ?" ಎಂದು ಓಟಗಾರ ಕೇಳಿದ.

"ನನಗೇನು ಗೊತ್ತಣ್ಣ? ಕಾಲು ನಿಮ್ಮದು. ಎಡಗಾಲಿಗೆ ಹೊಸದು, ಬಲಗಾಲಿಗೆ ಹಳೆಯದು ಹಾಕಿ ಎಂಟು ದಿನ ಓಡಿ. ಆಮೇಲೆ ಅದಲುಬದಲು ಮಾಡಿ ಎಂಟು ದಿನ ಓಡಿ. ಕಾಲುಗಳೇ ಜಗಳವಾಡಿ ಒಂದು ತೀರ್ಮಾನಕ್ಕೆ ಬರುತ್ತವೆ."

ಓಟಗಾರ ಹಾಗೆಯೇ ಮಾಡಿದ. ಗುಮಾಸ್ತ ಅವನ ಕಾಲು ನೋಡಿ ನಕ್ಕ. "ಏನಯ್ಯಾ, ಈ ಕಡೆಯಿಂದ ಮದುಮಗ, ಆ ಕಡೆಯಿಂದ ಕೂಲಿಯವನು!" ಓಟಗಾರ ನಗಲಿಲ್ಲ. ದಿನವೂ ಎರಡು ಅಂಗಾಲುಗಳನ್ನು ಬೆಳಕಿಗೆ ಹಿಡಿದು ನೋಡಿದ. ಮೀನಖಂಡ ಒತ್ತಿ ನೋಡಿದ. ಹದಿನಾರು ದಿನ ಕಳೆದ ಮೇಲೆ ಹಗುರ ಮೆಟ್ಟನ್ನು ಎರಡೂ ಕಾಲಿಗೆ ಹಾಕಿಕೊಂಡ. ಅಂದು ಮೂರು ಗಳಿಗೆಗೆ ಮಂಟಪ ಮುಟ್ಟಿದ. ಮರುದಿನವೂ ಮೂರು. ತಿಂಗಳು ಪೂರ್ತಿ ಮೂರು.

ಬೇಗ ಬಂದರೂ ಅವನಿಗೆ ಸಮಾಧಾನವಿರಲಿಲ್ಲ. ಮಾವ ಇನ್ನೂ ಮುಖ ತೊಳೆಯುತ್ತಿರುತ್ತಿದ್ದ. ಓಟಗಾರ ಚೀಲ ಹಿಡಿದುಕೊಂಡು ಮಂಟಪದ ಸುತ್ತ ತಿರುಗುತ್ತಿದ್ದ.

"ಅಳಿಯ, ಒಂದು ಎಲೆ ಅಡಿಕೆ ಹಾಕಿಕೊಳ್ಳಲೂ ಬಿಡುವುದಿಲ್ಲವಲ್ಲೋ!"

"ನೀವೂ ಒಂದು ಜೊತೆ ಮಾಡಿಸಿಕೊಳ್ಳಿ ಮಾವ."

ಮಾವ ಮಾಡಿಸಿಕೊಂಡ. ಗುಡ್ಡದ ಕಲ್ಲಿಗೆ ಅದು ಮೂರೇ ದಿನಕ್ಕೆ ಹರಿಯಿತು. ಮಾವ ಹಳೆಯ ಮೆಟ್ಟಿಗೇ ಮರಳಿದ.

ಚೀಟಿಗಳು ಮೇಲಿನ ಕಚೇರಿಗೆ ಹೋದವು. ಅಲ್ಲಿ ಒಬ್ಬ ಅಧಿಕಾರಿ ಅವುಗಳನ್ನು ಓದಿದ. ಒಬ್ಬನಿಂದ ಆಗುವುದು ಎಲ್ಲರಿಂದಲೂ ಆಗಬೇಕೆಂದು ಅವನಿಗೆ ಅನ್ನಿಸಿತು. ಇನ್ನು ಮುಂದೆ ಎಲ್ಲ ದಾರಿಗೂ ಮೂರೇ ಗಳಿಗೆ ಎಂದು ಅಪ್ಪಣೆ ಬಂತು.

ಓಟಗಾರ ಗುಮಾಸ್ತನ ಬಳಿಗೆ ಓಡಿದ. "ನಾಳೆಯಿಂದ ನಾನು ಮೂರೂವರೆಗೇ ಬರುತ್ತೇನೆ. ಹಾಗೆಂದು ಬರೆದು ಕಳಿಸಿ."

"ಮೂರಕ್ಕೆ ಬರುವವನು ಮೂರೂವರೆಗೆ ಬಂದರೆ ಅದಕ್ಕೆ ಸೋಮಾರಿತನ ಅಂತ ಬರೆಯಬೇಕಾಗುತ್ತದೆ" ಎಂದ ಗುಮಾಸ್ತ.

ಆ ತಿಂಗಳು ಮಾವ ಒಮ್ಮೆ ತಡವಾದ. ಇನ್ನೊಮ್ಮೆ ತಡವಾದ. ಆಮೇಲೆ ಅವನು ಎಲೆ ಅಡಿಕೆಯ ಮಾತಾಡಲಿಲ್ಲ. ಚೀಲ ಕೈಗೆ ಬಂದ ಕೂಡಲೇ ಹೊರಡುತ್ತಿದ್ದ. ಹತ್ತುವಾಗ ಕಳೆದುಕೊಂಡ ಹೊತ್ತನ್ನು ಇಳಿಯುವಾಗ ಹಿಡಿಯುತ್ತಿದ್ದ.

ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಮಾವ ಮರಳಬೇಕಾದ ಹೊತ್ತು ಹತ್ತಿರವಾಯಿತು, ಗುಡ್ಡದ ಮೇಲೆ ಅವನು ಕಾಣಲಿಲ್ಲ. ಓಟಗಾರ ಮಂಟಪದಲ್ಲಿ ಕೂತ, ಎದ್ದ, ಮತ್ತೆ ಕೂತ. ಕೊನೆಗೆ ಗುಡ್ಡದ ಕಡೆಗೆ ಓಡಿದ. ಇಳಿಜಾರಿನ ಕಲ್ಲುಗಳ ನಡುವೆ ಮಾವ ಬಿದ್ದಿದ್ದ. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಚೀಲ ಮಾತ್ರ ಎದೆಯ ಮೇಲಿತ್ತು.

ಓಟಗಾರ ಅವನನ್ನು ಎತ್ತಲು ಬಗ್ಗಿದ.

"ಮೊದಲು ಚೀಲ ತಗೋ. ತಡವಾದರೆ ಇದು ಮೂರನೆಯದು. ನನ್ನನ್ನು ಆಮೇಲೆ ನೋಡುವಿಯಂತೆ."

ಓಟಗಾರ ಚೀಲ ತೆಗೆದುಕೊಂಡ. ಗುಡ್ಡ ಇಳಿದ, ಮಂಟಪ ದಾಟಿದ, ಊರು ಮುಟ್ಟಿದ. ಎರಡು ಕಡೆಯೂ ಹೊತ್ತಿಗೆ ಸರಿಯಾಗಿ ಮುಟ್ಟಿದ. ಗಾಡಿ ಕಟ್ಟಿಸಿಕೊಂಡು ಅವನು ಗುಡ್ಡಕ್ಕೆ ಮರಳುವಾಗ ಸಂಜೆಯಾಗಿತ್ತು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ ಅವನು ಆ ಮೆಟ್ಟು ಬಿಟ್ಟನಾ ಸರ್?"

"ಹೇಗೆ ಬಿಡುತ್ತಾನೆ? ಗಳಿಗೆ ಮೂರೇ ಆಗಿಹೋಗಿತ್ತಲ್ಲ."

ನೇತ್ರಾಳಿಗೆ ತಡೆಯಲಾಗಲಿಲ್ಲ. "ಅವನದೇನು ತಪ್ಪು ಸರ್? ಪಾಪ, ಅಷ್ಟು ದಿನ ಪರೀಕ್ಷೆ ಮಾಡಿಯೇ ಹಾಕಿಕೊಂಡಿದ್ದ."

"ಹೌದು. ಪರೀಕ್ಷೆ ಮಾಡಿದ್ದು ತನ್ನ ಎರಡು ಕಾಲನ್ನು. ಆ ಮೆಟ್ಟಿಗೆ ಬೆಲೆ ತೆತ್ತದ್ದು ಮಾವನ ಒಂದು ಕಾಲು."