ತೋಳ ಕಚ್ಚಿದ ಆಡಿನ ತೊಗಲು

"ಗುರುಗಳೇ, ಮಾಡಿದ ಕೆಲಸ ಚೆನ್ನಾಗಿದೆ ಎಂದು ಮಾಡಿದವನಿಗೆ ತಿಳಿಯುವುದು ಯಾವಾಗ?" ಎಂದು ಚನ್ನಮಲ್ಲ ಕೇಳಿದ.

ಅವನು ಮಠದ ಜಗಲಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಶಿಷ್ಯ. ವರ್ಷ ಕಳೆದರೂ ಅವನ ಮಕ್ಕಳು ತಿದ್ದುತ್ತಲೇ ಇದ್ದರು. ಕೆಳಗಿನ ಕೇರಿಯಲ್ಲಿ ಇನ್ನೊಬ್ಬ ಉಪಾಧ್ಯಾಯ ತಿಂಗಳು ತುಂಬುವುದರೊಳಗೆ ಮಕ್ಕಳಿಂದ ಇಡೀ ಪುಸ್ತಕ ಬಾಯಿಪಾಠ ಹೇಳಿಸಿಬಿಡುತ್ತಿದ್ದ. ಊರಿಗೆ ಊರೇ ಅವನನ್ನು ಹೊಗಳುತ್ತಿತ್ತು. ಗುರುಗಳಿಗೆ ಇದೆಲ್ಲ ಗೊತ್ತಿತ್ತು. ಕೂತಲ್ಲೇ ಸ್ವಲ್ಪ ಸರಿದು, ಅವನಿಗೂ ಚಾಪೆಯಲ್ಲಿ ಜಾಗ ಮಾಡಿಕೊಟ್ಟು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ವೈದ್ಯನಿದ್ದ. ಮನುಷ್ಯರ ವೈದ್ಯನಲ್ಲ, ಆಡು, ಕುರಿ, ದನಗಳ ಮೈಮೇಲಿನ ಗಾಯ ವಾಸಿಮಾಡುವವನು. ಬೇಲಿಯ ಮುಳ್ಳು ಸೀಳಿದ್ದು, ನಾಯಿ ಕಚ್ಚಿದ್ದು, ನೊಗ ಉಜ್ಜಿ ಹುಣ್ಣಾದದ್ದು, ಯಾವುದೇ ಆಗಲಿ, ಅವನ ಅಂಗಳಕ್ಕೇ ಬರಬೇಕು.

ಅವನ ಕೆಲಸವೋ, ನೋಡುವವರಿಗೆ ಆಕಳಿಕೆ ತರಿಸುವಂಥದು. ಮೊದಲು ಗಾಯದ ಸುತ್ತಲಿನ ಕೂದಲು ಕತ್ತರಿಸುವನು. ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯುವನು. ಹುಳು ಬಿದ್ದಿದ್ದರೆ ಸೀತಾಫಲದ ಎಲೆ ಅರೆದು ಹಚ್ಚಿ, ಅವು ಮೇಲೆ ಬಂದ ಹಾಗೆಲ್ಲ ಒಂದೊಂದನ್ನೇ ಚಿಮಟದಿಂದ ಹೆಕ್ಕುವನು. ನೊಣ ಕೂರದಿರಲೆಂದು ಅಂಚಿಗೆ ಬೇವಿನೆಣ್ಣೆ ಸವರುವನು. ಗಾಯದ ಬಾಯನ್ನು ಮಾತ್ರ ಮುಚ್ಚುತ್ತಿರಲಿಲ್ಲ. ಅದು ಅಡಿಯಿಂದ ತುಂಬಿಕೊಂಡು ಬರಬೇಕು ಎನ್ನುವುದು ಅವನ ಹಟ. ಮಾರನೆಯ ದಿನ ಮತ್ತೆ ಅದೇ. ಅದರ ಮಾರನೆಯ ದಿನವೂ ಅದೇ. ಹದಿನೈದು ದಿನವಾಗಬಹುದು, ಇಪ್ಪತ್ತೂ ಆಗಬಹುದು. ಕೊನೆಗೆ ವಾಸಿಯಾದ ಜಾಗದ ಮೇಲೆ ಹೆಬ್ಬೆರಳು ಆಡಿಸಿ ನೋಡುವನು. ಏರುತಗ್ಗು ಸಿಗದಿದ್ದರೆ ಅವತ್ತು ಮನೆಯಲ್ಲಿ ಒಂದು ಮುದ್ದೆ ಹೆಚ್ಚಿಗೆ ಉಣ್ಣುವನು. ಅವನ ಹೆಮ್ಮೆ ಅಷ್ಟರಲ್ಲೇ ಮುಗಿಯುತ್ತಿತ್ತು.

ಹೀಗಿರುವಾಗ ಆ ಊರಿಗೆ ಇನ್ನೊಬ್ಬ ಬಂದು ನೆಲೆಸಿದ. ಅವನ ಹತ್ತಿರ ಇದ್ದದ್ದು ಒಂದೇ ಡಬ್ಬಿ. ಗಾಡಿಯ ಗಾಲಿಗೆ ಹಾಕುವ ಕೀಲೆಣ್ಣೆಗೆ ಅದೇನೋ ಪುಡಿ ಕಲಸಿ, ಗೋಡೆಗೆ ಗಾರೆ ಮೆತ್ತಿದಂತೆ ಗಾಯಕ್ಕೆ ಮೆತ್ತಿಬಿಡುವನು. ನೊಣ ಕೂರುವುದಿಲ್ಲ, ನಾತ ಬರುವುದಿಲ್ಲ, ಗಾಯವೇ ಕಾಣುವುದಿಲ್ಲ. ನಾಲ್ಕನೆಯ ದಿನಕ್ಕೆ ಮೇಲೆ ಒಣಗಿ ಗಟ್ಟಿಯಾಗುವುದು. ಕೈಗುಣ ಎಂದರೆ ಇವನದು ಎಂದು ಜನ ಮಾತಾಡಿಕೊಂಡರು. ವೈದ್ಯನ ಅಂಗಳ ಬರಬರುತ್ತಾ ಖಾಲಿಯಾಯಿತು.

ಎರಡು ವರ್ಷದಲ್ಲಿ ಅವನ ಪಾಲಿಗೆ ಉಳಿದದ್ದು ಒಬ್ಬ ಮುದುಕಿಯ ಆಡು, ಅದೊಂದೇ. ಅದರ ಭುಜ ಜಾಲಿಮುಳ್ಳಿನ ಬೇಲಿಗೆ ಸಿಕ್ಕಿ ಸೀಳಿತ್ತು. ವೈದ್ಯ ದಿನವೂ ಮುದುಕಿಯ ಮನೆಗೇ ಹೋಗಿ ತೊಳೆದು ಬರುತ್ತಿದ್ದ. ಒಂಬತ್ತನೆಯ ದಿನ ಅವಳ ತಾಳ್ಮೆ ಮುಗಿಯಿತು.

"ಏನಪ್ಪಾ, ನನ್ನ ಆಡಿಗೆ ಔಷಧಿ ಮಾಡೋಕೆ ಬರ್ತೀಯೋ, ಅದನ್ನ ಹೆಣ್ಣು ನೋಡೋಕೆ ಬರ್ತೀಯೋ? ದಿನಾ ಬಂದು ಎದುರಿಗೆ ಕೂತ್ಕೋತೀಯಲ್ಲ! ನಾಳೆ ಹೊತ್ತಿಗೆ ಗಾಯ ಮುಚ್ಚದೇ ಇದ್ರೆ ಆ ಡಬ್ಬಿಯವನನ್ನೇ ಕರೆಸ್ತೀನಿ ನೋಡು."

ಬೀದಿಯಲ್ಲಿದ್ದವರೆಲ್ಲ ನಕ್ಕರು. ಆ ನಗು ಮನೆಯವರೆಗೂ ವೈದ್ಯನ ಹಿಂದೆಯೇ ಬಂತು. ಇದೊಂದು ಆಡೂ ಕೈಬಿಟ್ಟು ಹೋದರೆ ತನ್ನನ್ನು ವೈದ್ಯ ಎಂದು ಕರೆಯುವವರು ಯಾರು ಎಂದು ಯೋಚಿಸಿದ. ಇಷ್ಟು ವರ್ಷ ತಾನು ಮಾಡಿದ್ದೆಲ್ಲ ಸುಮ್ಮನೆ ಮೈಕೈ ನೋಯಿಸಿಕೊಂಡದ್ದೇ ಇರಬೇಕು ಎನಿಸಿತು. ಮರುದಿನ ಬೆಳಗ್ಗೆ ಗಾಡಿಯವನೊಬ್ಬನಿಂದ ಒಂದಿಷ್ಟು ಕೀಲೆಣ್ಣೆ ಕೇಳಿ ತಂದ. ತೊಳೆಯಲಿಲ್ಲ. ಎರಡು ಬೆರಳಲ್ಲಿ ತೆಗೆದು ಗಾಯದ ತುಂಬ ಮೆತ್ತಿದ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕೆಲಸ ಮುಗಿಯಿತು. ಮುದುಕಿ ಬಹಳ ಸಂತೋಷಪಟ್ಟು ಒಂದು ಲೋಟ ಮಜ್ಜಿಗೆ ಕೊಟ್ಟಳು. ಕುಡಿದ; ಅದಕ್ಕೆ ಉಪ್ಪು ಹಾಕಿದ್ದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಅದೇ ದಿನ ಮಧ್ಯಾಹ್ನ ಊರ ಮುಂದಿನ ಕಟ್ಟೆಗೆ ಡೊಳ್ಳು ಕಟ್ಟುವವನೊಬ್ಬ ಬಂದ. ಹೆಗಲ ಮೇಲೆ ಒಂದು ತೊಗಲು, ಹೊಟ್ಟೆಗೆ ಕಟ್ಟಿಕೊಂಡ ಹೊಸ ಡೊಳ್ಳು. ಈ ಊರಿನ ಆಡಿನ ತೊಗಲು ಎಷ್ಟೋ ವರ್ಷದಿಂದ ತನ್ನ ಕೈಗೆ ಬರುತ್ತಿದೆ, ಆ ವಿಷಯವಾಗಿಯೇ ಬಂದೆ ಎಂದ. ತಕರಾರು ತಂದಿರಬೇಕು ಎಂದುಕೊಂಡು ಜನ ಸೇರಿದರು. ಮುದುಕಿಯೂ ಬಂದಳು. ವೈದ್ಯ ಎಲ್ಲರ ಹಿಂದೆ ನಿಂತ.

ಡೊಳ್ಳಿನವನು ಮೊದಲು ಹೆಗಲ ಮೇಲಿನ ತೊಗಲು ಬಿಡಿಸಿ ಹಾಸಿದ. ಅದರ ನಡುವೆ ಮುಷ್ಟಿ ತೂರುವಷ್ಟು ತೂತು. ಈಚೆಗೆ ಈ ಊರಿಂದ ಬರುವ ಎಷ್ಟೋ ತೊಗಲಿನ ಪಾಡು ಇದು, ಮೇಲೆ ನೋಡಿದರೆ ಗಾಯ ಒಣಗಿದೆ, ಹುರಿ ಹಾಕಿ ಬಿಗಿದ ಕೂಡಲೇ ಕೀಲೆಣ್ಣೆಯ ಕಪ್ಪು ಇರುವ ಕಡೆಯೇ ಹರಿಯುತ್ತದೆ, ಒಳಗೆಲ್ಲ ಕೀವು ತಿಂದಿರುತ್ತದೆ ಎಂದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆಮೇಲೆ ಡೊಳ್ಳನ್ನು ಬಿಚ್ಚಿ ಮುಂದಿಟ್ಟ. ಅದರ ತೊಗಲಿನಲ್ಲಿ ಒತ್ತೊತ್ತಿಗೆ ಎರಡು ಬಿಳಿ ಗುರುತು. ವೈದ್ಯ ದೂರದಿಂದಲೇ ಗುರುತು ಹಿಡಿದ. ಆರು ವರ್ಷದ ಹಿಂದೆ ತೋಳ ಕಚ್ಚಿದ ಕರಿಯಾಡು ಅದು. ಎರಡು ಹಲ್ಲು ಇಳಿದಿದ್ದವು. ಹತ್ತೊಂಬತ್ತು ದಿನ ತೊಳೆದಿದ್ದ.

ಡೊಳ್ಳಿನವನು ಕೋಲೆತ್ತಿ ಸರಿಯಾಗಿ ಆ ಗುರುತಿನ ಮೇಲೆ ಹೊಡೆದ. ಆಮೇಲೆ ಪಕ್ಕದಲ್ಲಿ ಹೊಡೆದ. ಎರಡೂ ಒಂದೇ ನಾದ.

"ಹತ್ತೂರಿನ ತೊಗಲು ನೋಡಿದ್ದೀನಿ. ಗಾಯ ಆದ ಜಾಗದಲ್ಲೇ ಹೊಡೆದ್ರೂ ತಡಕೊಳ್ಳೋ ತೊಗಲು ನನಗೆ ಸಿಕ್ಕಿದ್ದು ಅಪರೂಪ. ಇದನ್ನ ವಾಸಿಮಾಡಿದವರು ಯಾರು? ಆ ಕೈ ನೋಡಬೇಕು ಅಂತ ಬಂದೆ, ಅಷ್ಟೇ."

ಯಾರೇ ಬಾಯಿ ತೆರೆಯುವುದಕ್ಕೂ ಮುಂಚೆ ಮುದುಕಿ ಹೇಳಿದಳು: "ಇನ್ಯಾರು, ನಮ್ಮೋನೇ ಕಣಪ್ಪ. ದಿನಾ ನಮ್ಮನೆಗೆ ಬಂದು ಹೋಗ್ತಾನೆ."

ಜನ ಸರಿದು ದಾರಿ ಬಿಟ್ಟರು. ವೈದ್ಯ ಮುಂದೆ ಬಂದ. ಅವತ್ತು ಅವನು ಒಂದು ಗೇಣು ಉದ್ದವಾಗಿ ಕಂಡನಂತೆ. ಡೊಳ್ಳಿನವನು ಅವನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದ. ಬಲಗೈಯ ಎರಡು ಬೆರಳು, ಉಗುರ ಸಂದಿಯವರೆಗೂ ಕಪ್ಪಗಿದ್ದವು. ಡೊಳ್ಳಿನವನಿಗೆ ಆ ಕಪ್ಪು ಯಾವುದೆಂದು ಹೇಳಬೇಕಾಗಿರಲಿಲ್ಲ.

ವೈದ್ಯ ಮೆಲ್ಲಗೆ ಕೈ ಬಿಡಿಸಿಕೊಂಡ. "ಒಂದು ಗಾಯ ಮುಚ್ಚಿ ಬಂದಿದ್ದೀನಿ. ತೆರೆದು ಬರ್ತೀನಿ" ಎಂದವನೇ ಆ ಸಭೆ, ಆ ಹೊಗಳಿಕೆ ಎಲ್ಲ ಬಿಟ್ಟು ನಡೆದ. ಮುದುಕಿ ಅವನ ಹಿಂದೆಯೇ ಓಡಿ, ತಾನೇ ಬೇವಿನ ನೀರು ಕಾಯಿಸಿಕೊಟ್ಟಳು. ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಲಿಲ್ಲ. ಹಿಡಿದದ್ದು ಹದಿನೆಂಟು ದಿನ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನಮಲ್ಲನ ಮುಖ ಅರಳಿತ್ತು.

"ಹಾಗಾದರೆ ನನ್ನ ಕೆಲಸವನ್ನೂ ಹೊಡೆದು ನೋಡುವ ಡೊಳ್ಳಿನವನೊಬ್ಬ ಎಂದಾದರೂ ಬಂದೇ ಬರುತ್ತಾನೆ, ಅಲ್ಲವೇ ಗುರುಗಳೇ?"

"ಆ ಡೊಳ್ಳಿನವನು ಕಾಲಿಡದ ಊರುಗಳೇ ಹೆಚ್ಚು, ಚನ್ನಮಲ್ಲ, ಅಲ್ಲಿಯೂ ಆಡುಗಳ ಗಾಯಗಳು ಮಾಯುತ್ತಿವೆ."