ಏಳು ಮೆಟ್ಟಿಲ ಕೆಳಗಿನ ಒಪ್ಪಿಗೆ

ದಕ್ಷಿಣ ಚೀನಾದಲ್ಲಿ ವರ್ಷವರ್ಷಕ್ಕೂ ಊದಿಕೊಳ್ಳುತ್ತಿದ್ದ ಒಂದು ನಗರ. ಅಲ್ಲಿನ ಸಂದಿಯೊಂದರಲ್ಲಿ ನಡೆಯಲಾರದ ಮುದುಕನೊಬ್ಬ ಗಾಲಿಕುರ್ಚಿಯಲ್ಲಿ ಕೂತು ಬೀಗದ ಕೈ ಮಾಡಿಕೊಡುತ್ತಿದ್ದ. ಒಂದು ಬೆಳಿಗ್ಗೆ ನಗರ ಯೋಜನಾ ಕಚೇರಿಯ ನಿರ್ದೇಶಕ ಪಾಂಗ್ ಕಿತ್ತಳೆ ಹಣ್ಣು ಹಿಡಿದು ಬಂದ. ಮುದುಕನಿಗೆ ಆಗಲೇ ಅನುಮಾನ. ಕಚೇರಿಯವರು ಹಣ್ಣು ತರುವುದು ಏನಾದರೂ ಕಿತ್ತುಕೊಳ್ಳುವಾಗಲೇ.

“ಮೇಸ್ತ್ರಿ, ಇಲ್ಲಿ ಎಂಟು ಪಥದ ರಸ್ತೆ ಬರುತ್ತೆ. ದಾಟೋಕೆ ಮೇಲ್ಸೇತುವೆ. ಅಂಗವಿಕಲರನ್ನ ಕೇಳಿಯೇ ಮಾಡಿದ್ದು ಅಂತ ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತು.”

“ಸೇತುವೆಗೆ ಎಷ್ಟು ಮೆಟ್ಟಿಲು?”

“ಅರವತ್ತು. ಎಲ್ಲಾ ಗ್ರಾನೈಟು ಕಣಯ್ಯ!”

ಆಸ್ಪತ್ರೆ ಇದ್ದದ್ದು ಆ ರಸ್ತೆ ಬರುವ ಜಾಗದ ಆಚೆ. ಮುದುಕ ಹಣ್ಣು ಮುಟ್ಟಲಿಲ್ಲ. “ಒತ್ತೋಣ ನಿರ್ದೇಶಕರೇ. ಇಷ್ಟು ದೊಡ್ಡ ಕಾಗದ, ಬೀದೀಲಿ ಬೇಡ. ನಾಳೆ ನಿಮ್ಮ ಕಚೇರಿಗೇ ಬರ್ತೀನಿ.”

ಮರುದಿನ ಹೇಳಿದಂತೆ ಬಂದ. ಕಚೇರಿಯ ಬಾಗಿಲಿಗೆ ಏಳು ಮೆಟ್ಟಿಲು. ಗಾಲಿಕುರ್ಚಿಯಲ್ಲಿ ಕೆಳಗೇ ಉಳಿದ. ಕಾದು ಕಾದು ಪಾಂಗನೇ ಇಳಿದು ಬಂದ. ಈಗ ಅನುಮಾನ ಅವನಿಗೆ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿಯೇ ಕೊಟ್ಟ. ಮುದುಕ ಅಲ್ಲಿನ ರೂಢಿಯಂತೆ ಕೆಂಪು ಶಾಯಿಯಲ್ಲಿ ಹೆಬ್ಬೆಟ್ಟು ಒತ್ತಿದ. ಆಮೇಲೆ ‘ಅಭಿಪ್ರಾಯ ಕೇಳಿದ ಸ್ಥಳ’ ಎಂಬ ಖಾಲಿ ಜಾಗದಲ್ಲಿ ನಿಧಾನವಾಗಿ ಬರೆದ: ‘ಯೋಜನಾ ಕಚೇರಿಯ ಏಳು ಮೆಟ್ಟಿಲ ಕೆಳಗೆ.’

ಪಾಂಗನ ಮುಖ ಕಪ್ಪಿಟ್ಟಿತು. ಆ ಕಾಗದ ಪ್ರಾಂತ್ಯದ ತನಿಖಾಧಿಕಾರಿಗಳ ಕೈ ಸೇರಬೇಕಿತ್ತು. “ಅದನ್ನ ಹೊಡೆದುಹಾಕು! ಕಚೇರಿಯ ಒಳಗೆ ಅಂತ ಬರಿ!”

“ಒಳಗೆ ನಾನು ನೋಡೇ ಇಲ್ವಲ್ಲ ನಿರ್ದೇಶಕರೇ. ಮೇಲೆಲ್ಲೋ ಕಚೇರಿ ಇದೆ ಅಂತ ಕೇಳಿದ್ದೀನಿ, ಅಷ್ಟೇ.”