ಬಾಗಿಲ ಮೇಲಿನ ಒದ್ದೆ ವಸ್ತ್ರ

ಕಪಿಲೆಯ ದಡದಲ್ಲಿ ಒಂದು ಮಠವಿತ್ತು. ಅಲ್ಲಿ ಕರೆಯದೆ ಯಾರೂ ಉಣ್ಣುತ್ತಿರಲಿಲ್ಲ.

ನಿಯಮ ಹೀಗಿತ್ತು. ಮಧ್ಯಾಹ್ನ ಎಲೆ ಹಾಕಿದ ಮೇಲೆ ಮಠದವರಲ್ಲಿ ಒಬ್ಬರು ಹೆಬ್ಬಾಗಿಲಿನ ಹೊರಗೆ ನಿಲ್ಲಬೇಕು. ವಸ್ತ್ರವೊಂದನ್ನು ನೀರಿನಲ್ಲಿ ಅದ್ದಿ, ಹಿಂಡದೆ, ಬಾಗಿಲಿನ ಮೇಲೆ ಹಾಕಬೇಕು. ಹೊಳೆಯತ್ತ ಮುಖ ಮಾಡಿ ಮೂರು ಸಲ ಕರೆಯಬೇಕು: "ಹಸಿದವರು ಬನ್ನಿ, ಎಲೆ ಹಾಕಿದೆ."

ಆಮೇಲೆ ಕಾಯಬೇಕು. ವಸ್ತ್ರದಿಂದ ನೀರು ತೊಟ್ಟಿಕ್ಕುವುದು ನಿಲ್ಲುವವರೆಗೆ ಕರೆದವನು ಬಾಗಿಲು ಬಿಟ್ಟು ಕದಲಬಾರದು. ಹೊಳೆಗೆ ಇಳಿದವನು ಮೈ ಒರೆಸಿಕೊಂಡು ಮೆಟ್ಟಿಲು ಹತ್ತಿ ಬರಲು ಅಷ್ಟು ಹೊತ್ತು ಬೇಕು. ಬಂದವರಿಗೆ ಬಡಿಸದೆ ಮಠದಲ್ಲಿ ಯಾರೂ ತುತ್ತು ಎತ್ತುವಂತಿಲ್ಲ, ಸ್ವಾಮಿಗಳೂ ಸಹ.

ಪಂಚಾಕ್ಷರಿ ಮಠಕ್ಕೆ ಬಂದದ್ದು ಈ ಕರೆ ಕೇಳಿಯೇ. ಆಗ ಕಾಲೇಜು ವಿದ್ಯಾರ್ಥಿ. ಓದು ಮುಗಿಯುವವರೆಗೆ ಅಲ್ಲೇ ಇದ್ದ. ಬಾಗಿಲಲ್ಲಿ ಕರೆಯುವ ಕೆಲಸ ಅವನದಾಯಿತು. ಅವನ ದನಿಗೆ ಆಚೆ ದಡದ ಎಮ್ಮೆಗಳೂ ತಲೆ ಎತ್ತುತ್ತವೆ ಎಂದು ಅಡುಗೆಯ ದುಂಡಯ್ಯ ಹೇಳುತ್ತಿದ್ದ.

ಈಗ ಅವನಿಗೆ ನಲವತ್ತು ದಾಟಿತ್ತು. ಮೈಸೂರಿನ ಜಾಹೀರಾತು ಕಚೇರಿಯೊಂದರಲ್ಲಿ ಕೆಲಸ. ಒಬ್ಬರ ಸರಕನ್ನು ಮತ್ತೊಬ್ಬರು ಬಯಸುವಂತೆ ಮಾಡುವುದು ಅವನ ವೃತ್ತಿ. ಅವನ ಹೆಸರನ್ನು ಪೂರ್ತಿ ಉಚ್ಚರಿಸುವಷ್ಟು ಬಿಡುವು ಅಲ್ಲಿ ಯಾರಿಗೂ ಇರಲಿಲ್ಲ. "ಪಂಚ್ ಸರ್" ಎನ್ನುತ್ತಿದ್ದರು.

ಆ ಕಚೇರಿಯಲ್ಲಿ ಎದುರು ಬದುರು ಕುಳಿತವರು ಒಬ್ಬರಿಗೊಬ್ಬರು ಮೆಸೇಜು ಕಳಿಸಿಕೊಳ್ಳುತ್ತಿದ್ದರು. ಹುಟ್ಟುಹಬ್ಬದ ಕೇಕನ್ನು ಮೊದಲು ಫೋನಿಗೆ ತೋರಿಸಿ ಆಮೇಲೆ ತಿನ್ನುತ್ತಿದ್ದರು. ಯಾವಾಗ ಮೀಟಿಂಗ್ ಸೇರಬೇಕು ಎಂಬುದಕ್ಕೂ ಒಂದು ಮೀಟಿಂಗ್ ಸೇರುತ್ತಿದ್ದರು. ಪಂಚಾಕ್ಷರಿ ಇದೆಲ್ಲಕ್ಕೂ ನಗುತ್ತಿದ್ದ. ಇದೆಲ್ಲವನ್ನೂ ಮಾಡುತ್ತಿದ್ದ.

ಒಂದು ದಿನ ಮೇಲಧಿಕಾರಿ ತನ್ವಿ ಅವನನ್ನು ಕರೆಸಿದಳು. ಅವನಿಗಿಂತ ಬಹಳ ಚಿಕ್ಕವಳು. ಕೆಟ್ಟವಳಲ್ಲ.

"ಪಂಚ್ ಸರ್, ಬೇಜಾರು ಮಾಡ್ಕೋಬೇಡಿ. ಈ ವರ್ಷ ನಿಮ್ಮ ವಿಡಿಯೊ ಒಂದೂ ಓಡಿಲ್ಲ. ಅಕ್ಕಿ ಕಂಪನಿಯೋರು ಶನಿವಾರ ಸಂಜೆ ಐದಕ್ಕೆ ತೀರ್ಮಾನ ಮಾಡ್ತಾರೆ. ಇದೂ ಕೈಬಿಟ್ಟುಹೋದ್ರೆ, ನಿಮ್ಮನ್ನ ಉಳಿಸ್ಕೊಳ್ಳಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"

"ಐದರೊಳಗೆ ವಿಡಿಯೊ ಇರುತ್ತೆ."

"ಯಾವ ವಿಡಿಯೊ?"

ಅದು ಅವನಿಗೂ ಗೊತ್ತಿರಲಿಲ್ಲ. ಲಿಫ್ಟಿನಲ್ಲಿ ಇಳಿಯುವಾಗ ಯಾರದೋ ಡಬ್ಬಿಯಿಂದ ಬಿಸಿ ಅನ್ನದ ವಾಸನೆ ಬಂತು. ಒದ್ದೆ ಕಲ್ಲು, ಹೊಳೆಯ ಗಾಳಿ, ಬಾಳೆಎಲೆಯ ಮೇಲೆ ಏಳುವ ಹಬೆ, ತನ್ನದೇ ಹಳೆಯ ದನಿ, ಎಲ್ಲವೂ ಅದರ ಹಿಂದೆಯೇ ಬಂದವು. ಲಿಫ್ಟು ಬಾಗಿಲು ತೆರೆದು, ಮುಚ್ಚಿ, ಅವನನ್ನು ಮತ್ತೆ ಮೇಲಕ್ಕೆ ಕೊಂಡೊಯ್ಯಿತು. ಅವನಿಗೆ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ, ಕ್ಯಾಮೆರಾ ಹಿಡಿಯುವ ಹಿತೇಶನನ್ನು ಕರೆದುಕೊಂಡು ಅವನು ಮಠಕ್ಕೆ ಬಂದ.

ಸ್ವಾಮಿಗಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಪಂಚಾಕ್ಷರಿ ಕಾಲಿಗೆ ಬಿದ್ದ.

"ಬಂದೆಯಾ? ಏನಪ್ಪಾ ಇಷ್ಟು ಬಿಳಿಚಿಕೊಂಡಿದ್ದೀಯೆ? ಬಿಸಿಲು ಕಾಣುವುದಿಲ್ಲವೆ?"

"ಕಚೇರಿಯಲ್ಲಿ ಎ.ಸಿ. ಇದೆ ಬುದ್ಧಿ."

"ಪಾಪ."

ಪಂಚಾಕ್ಷರಿ ಬಂದ ಕಾರಣ ಹೇಳಿದ: ಮಠದ ಕರೆಯ ಚಿತ್ರ ತೆಗೆಯಬೇಕು. ಅಕ್ಕಿ ಕಂಪನಿಯನ್ನೂ ಸಂಜೆಯ ಗಡುವನ್ನೂ ಮುಚ್ಚಿಡಲಿಲ್ಲ. ಕೊನೆಗೆ ಹೇಳಿದ: "ಇದು ನನ್ನ ಹೊಟ್ಟೆ ತುಂಬಿಸಿದ ಕರೆ ಬುದ್ಧಿ. ಇಡೀ ನಾಡಿಗೆ ಕೇಳಲಿ ಎಂಬ ಆಸೆ."

"ಎಷ್ಟು ಜನಕ್ಕೆ ಕೇಳುತ್ತದೆ?"

"ಚೆನ್ನಾಗಿ ಓಡಿದರೆ ಹತ್ತು ಲಕ್ಷ."

ಸ್ವಾಮಿಗಳು ಅಡುಗೆಮನೆಯತ್ತ ತಿರುಗಿದರು. "ದುಂಡಯ್ಯಾ, ಇವತ್ತು ಹತ್ತು ಲಕ್ಷ ಜನಕ್ಕೆ ಅಕ್ಕಿ ಹಾಕು."

"ಆಗಲಿ ಬುದ್ಧಿ," ಒಳಗಿನಿಂದ ಉತ್ತರ ಬಂತು. "ಸಾರಿಗೆ ಹೊಳೆ ನೀರು ಸಾಲಾಕಿಲ್ಲ. ಮಳೆ ಬರ್ಲಿ ಅಂತ ಹರಸಿ."

ಪಂಚಾಕ್ಷರಿ ನಕ್ಕ. "ಅವರು ಬರುವುದಿಲ್ಲ ಬುದ್ಧಿ. ನೋಡುತ್ತಾರೆ, ಅಷ್ಟೆ. ಮನಸ್ಸಿಗೆ ಬಂದರೆ ಬೆರಳಿನಲ್ಲಿ ಒಂದು ಹೃದಯ ಒತ್ತುತ್ತಾರೆ."

"ಊಟಕ್ಕೆ ಕರೆದರೆ ಹೃದಯ ಒತ್ತುತ್ತಾರೆಯೆ?"

"ಹೌದು."

"ಉಣ್ಣುವುದಿಲ್ಲ?"

"ಇಲ್ಲ."

"ಕರೆದವನಿಗೆ ಅದು ಸಾಕೆ?"

"ಈಗೆಲ್ಲ ಅದೇ ಅಳತೆ ಬುದ್ಧಿ."

ಸ್ವಾಮಿಗಳು ಕಾಯೊಂದನ್ನು ಬಿಡಿಸಿದರು. ಒಳಗೆ ಹುಳುವಿತ್ತು. ಅದನ್ನು ಪಕ್ಕಕ್ಕೆ ಇಟ್ಟರು.

"ಚಿತ್ರ ತೆಗೆಯುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಕರೆಯುವುದಾದರೆ ನಿಯಮದಂತೆ ಕರೆ."

"ನಿಯಮ ಮರೆಯುತ್ತೇನೆಯೆ ಬುದ್ಧಿ?"

ಮಧ್ಯಾಹ್ನವಾಯಿತು. ಎಲೆ ಬಿತ್ತು. ಪಂಚಾಕ್ಷರಿ ಬಿಳಿ ಪಂಚೆ ಉಟ್ಟು ಹೆಬ್ಬಾಗಿಲಿಗೆ ಬಂದ. ವಸ್ತ್ರವನ್ನು ಅದ್ದಿ ಬಾಗಿಲ ಮೇಲೆ ಹಾಕಿದ. ಕೈ ತಾನಾಗಿಯೇ ಆ ಕೆಲಸ ಮಾಡಿತು. ಮುಂಗೈಯಿಂದ ಮೊಣಕೈಗೆ ತಣ್ಣಗೆ ನೀರು ಇಳಿದಾಗ ಅವನಿಗೆ ಒಂದು ಕ್ಷಣ ಇಪ್ಪತ್ತು ವರ್ಷ ವಯಸ್ಸಾಗಿತ್ತು.

"ಸರ್, ಆ ಬಟ್ಟೆ ತೆಗೀರಿ," ಹಿತೇಶ ಹೇಳಿದ. "ಫ್ರೇಮಿನಲ್ಲಿ ಚೆನ್ನಾಗಿಲ್ಲ. ಮನೆ ಹಿತ್ತಲು ಕಂಡಂಗೆ ಕಾಣುತ್ತೆ."

"ಅದು ಇರಬೇಕಪ್ಪ."

"ಮೊದಲ ಮೂರು ಸೆಕೆಂಡಿನಲ್ಲಿ ಹಿಡಿದು ನಿಲ್ಲಿಸದಿದ್ರೆ ಜನ ಮುಂದಕ್ಕೆ ತಳ್ತಾರೆ ಅಂತ ನಮಗೆ ಪಾಠ ಮಾಡಿದ್ದು ನೀವೇ ಸರ್."

ಅದು ನಿಜವಾಗಿತ್ತು. ಪಂಚಾಕ್ಷರಿ ವಸ್ತ್ರ ತೆಗೆದು ಬಾಗಿಲ ಹಿಂದೆ ಇಟ್ಟ.

ಕರೆದ. ದನಿ ಸಾಲದಾಯಿತು. ಮತ್ತೆ ಕರೆದ. ಬಸ್ಸೊಂದು ಹಾರ್ನ್ ಹಾಕಿತು. ಮತ್ತೆ ಕರೆದ. ಹಿತೇಶ ಹೇಳಿದ: "ಮುಖದಲ್ಲಿ ಇನ್ನೂ ಸ್ವಲ್ಪ ಕರುಣೆ ಬೇಕು ಸರ್." ಕರುಣೆ ಹೆಚ್ಚಿಸಿ ಕರೆದ. ಕರೆ ಮುಗಿದೊಡನೆ ಪ್ರತಿ ಸಲವೂ ಓಡಿಹೋಗಿ ಕ್ಯಾಮೆರಾದ ಸಣ್ಣ ಪರದೆಯಲ್ಲಿ ತನ್ನನ್ನೇ ನೋಡಿಕೊಂಡ.

ಕೊನೆಯ ಸಲ ಎಲ್ಲವೂ ಕೂಡಿಬಂತು. ಬೆಳಕು, ಗಾಳಿ, ದನಿ. ಆಚೆ ದಡದಲ್ಲಿ ಒಂದು ಎಮ್ಮೆ ನಿಜವಾಗಿಯೂ ತಲೆ ಎತ್ತಿತು.

"ಸೂಪರ್ ಸರ್! ಇದು ಓಡುತ್ತೆ. ಕೂತು ಎಡಿಟ್ ಮಾಡಿದ್ರೆ ನಾಲ್ಕಕ್ಕೆಲ್ಲ ಕಳಿಸಬಹುದು."

ಊಟದ ಮನೆಯಲ್ಲಿ ಸ್ವಾಮಿಗಳು ನಿಂತೇ ಇದ್ದರು.

"ಕರೆ ಕೇಳಿ ಯಾರು ಬಂದರು?"

"ಯಾರೂ ಬರಲಿಲ್ಲ ಬುದ್ಧಿ."

"ಚಿತ್ರ ತೋರಿಸು."

ಪಂಚಾಕ್ಷರಿ ತೋರಿಸಿದ. ಸ್ವಾಮಿಗಳು ಕಣ್ಣು ಕಿರಿದು ಮಾಡಿ ಕೊನೆಯವರೆಗೆ ನೋಡಿದರು.

"ಇನ್ನೊಮ್ಮೆ ಹಾಕು."

ಅವನ ಎದೆ ಉಬ್ಬಿತು. ಕಚೇರಿಯಲ್ಲಿ ಅವನ ವಿಡಿಯೊವನ್ನು ಯಾರೂ ಎರಡು ಸಲ ನೋಡಿದ್ದಿಲ್ಲ.

ಈ ಸಲ ಸ್ವಾಮಿಗಳು ಪರದೆಯ ಮೂಲೆಯ ಮೇಲೆ ಬೆರಳಿಟ್ಟರು. "ಇವರು ಯಾರು?"

ಮೂಲೆಯಲ್ಲಿ ಒಬ್ಬ ಹೆಂಗಸು. ವಯಸ್ಸಾದವಳು. ತಲೆಯ ಮೇಲೆ ಪೊರಕೆಯ ಹೊರೆ. ಹೊಳೆಯ ಮೆಟ್ಟಿಲು ಹತ್ತಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಬಾಗಿಲತ್ತ ಬರುತ್ತಿದ್ದಾಳೆ. ಪಂಚಾಕ್ಷರಿ ಬಾಯಲ್ಲಿ "ಹಸಿದವರು ಬನ್ನಿ" ಎನ್ನುತ್ತಿದ್ದಾನೆ. ಕ್ಯಾಮೆರಾಗೆ ಕಾಣದು ಎಂದುಕೊಂಡು ಸೊಂಟದ ಬಳಿ ಇಳಿಸಿದ ಅವನ ಎಡಗೈ ಬೀಸುತ್ತಿದೆ: ಆಚೆ ಹೋಗು, ಆಚೆ. ಹೆಂಗಸು ನಿಲ್ಲುತ್ತಾಳೆ. ಕ್ಯಾಮೆರಾ ನೋಡುತ್ತಾಳೆ. ತಿರುಗಿ ಹೋಗುತ್ತಾಳೆ.

ಪಂಚಾಕ್ಷರಿ ತನ್ನ ಎಡಗೈ ನೋಡಿಕೊಂಡ.

"ನಿನ್ನ ಬಾಯಿ ಹೇಳಿದ್ದು ಹತ್ತು ಲಕ್ಷ ಜನಕ್ಕೆ ಕೇಳುತ್ತದೆ," ಸ್ವಾಮಿಗಳು ಹೇಳಿದರು. "ಕೈ ಹೇಳಿದ್ದು ಆ ತಾಯಿಗೆ ಕೇಳಿದೆ." ಅನಂತರ ಅಡುಗೆಯವನನ್ನು ಕರೆದರು. "ದುಂಡಯ್ಯಾ, ಅನ್ನ ಮುಚ್ಚಿಡು. ಬಂದವರು ಇನ್ನೂ ಉಂಡಿಲ್ಲ."

ಯಾರೂ ಬಯ್ಯಲಿಲ್ಲ. ಹಾಕಿದ ಎಲೆಗಳ ಮುಂದಿನಿಂದ ಮಠದವರು ಒಬ್ಬೊಬ್ಬರಾಗಿ ಎದ್ದರು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಪಂಚಾಕ್ಷರಿ ಹೊರಗೆ ನಡೆದ. ಹಿತೇಶ ಅವನ ಹಿಂದೆಯೇ ಬಾಗಿಲವರೆಗೆ ಬಂದ. "ಸರ್, ತಲೆ ಕೆಡಿಸ್ಕೋಬೇಡಿ. ಆ ಮೂಲೆ ಕತ್ತರಿಸಿದ್ರೆ ಆಯಮ್ಮ ಕಾಣೋದೇ ಇಲ್ಲ. ಈಗಲೇ ಕೂತ್ರೆ ಐದರೊಳಗೆ ಕಳಿಸಬಹುದು."

"ನಾನು ಬರುವವರೆಗೆ ಅದನ್ನು ಮುಟ್ಟಬೇಡ."

"ನೀವು ಬರೋದು ಯಾವಾಗ?"

ಪಂಚಾಕ್ಷರಿ ಆಗಲೇ ರಸ್ತೆಗೆ ಇಳಿದಿದ್ದ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಪೇಟೆಯ ಬೀದಿಗಳಲ್ಲಿ ಹುಡುಕಿದ. ಸಂತೆಮಾಳದಲ್ಲಿ ಕೇಳಿದ. ಜೇಬಿನಲ್ಲಿ ಫೋನು ಅದುರಿತು; ತನ್ವಿ. ಮತ್ತೆ ಅದುರಿತು. ಬಹಳ ಹೊತ್ತಿನ ಮೇಲೆ ಸೇತುವೆಯ ಆಚೆಯಿಂದ ಒಂದು ಕೂಗು ಕೇಳಿತು: "ಪೊರಕೇ... ತೆಂಗಿನ ಪೊರಕೇ..."

ಅವನು ಓಡಿದ.

"ಅಮ್ಮಾ, ಊಟಕ್ಕೆ ಬನ್ನಿ."

ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕಪ್ಪ? ಈಗ ನಾನು ಬರೋ ಸೀನಾ?"

"ಸೀನಲ್ಲ ಅಮ್ಮ. ನಿಜವಾಗಿ ಕರೆಯುತ್ತಿದ್ದೇನೆ."

"ಆಗ್ಲೂ ನಿಜ ಅಂತ್ಲೇ ಬಂದೆ. ನೀನು ಕೋಳಿ ಅಟ್ಟಿದಂಗೆ ಅಟ್ಟಿದೆ."

"ತಪ್ಪಾಯಿತು."

"ಹೋಗ್ಲಿ ಬುಡು. ಹೊಟ್ಟೆಗೊಂದು ಬನ್ನು ಬಿದ್ದದೆ. ಸಂಜೆಗಂಟ ತಳ್ತದೆ."

"ಮಠದಲ್ಲಿ ಯಾರೂ ಉಂಡಿಲ್ಲ ಅಮ್ಮ. ನಿಮಗಾಗಿ ಕಾಯುತ್ತಿದ್ದಾರೆ. ಸ್ವಾಮಿಗಳೂ."

ಅವಳ ಮುಖ ಬದಲಾಯಿತು. "ಅಯ್ಯೋ ನಿನ್ನ! ನನ್ನ ದೆಸೆಯಿಂದ ಬುದ್ಧಿಯೋರ್ನ ಉಪಾಸ ಕೆಡವಿದ್ಯಲ್ಲಪ್ಪ!" ಹೊರೆಯನ್ನು ತಲೆಗೇರಿಸಿಕೊಂಡಳು. ಎರಡು ಹೆಜ್ಜೆ ಇಟ್ಟು ನಿಂತಳು. "ಆದ್ರೆ ಮೊದಲು ಕರಿ. ಅಲ್ಲಿ ಕರೆದ್ಯಲ್ಲ, ಅಂಗೇ ಕರಿ. ಕರೀದೆ ಉಣ್ಣಕೆ ಬರೋಳಲ್ಲ ಈ ಸಣ್ಣಮ್ಮ."

"ಇಲ್ಲೇ? ರಸ್ತೆಯಲ್ಲೇ?"

"ಕ್ಯಾಮ್ರಾ ಇಲ್ದಿದ್ರೆ ದನಿ ಬರಾಕಿಲ್ವಾ?"

ಪಂಕ್ಚರ್ ಅಂಗಡಿಯವರು ಕೆಲಸ ಬಿಟ್ಟು ನೋಡುತ್ತಿದ್ದರು. ಪಂಚಾಕ್ಷರಿ ನಿಂತ. ಜೇಬಿನಲ್ಲಿ ಫೋನು ಅದುರುತ್ತಲೇ ಇತ್ತು. ಅವನು ಕರೆದ. "ಹಸಿದವರು ಬನ್ನಿ, ಎಲೆ ಹಾಕಿದೆ." ಎರಡನೆಯ ಸಲಕ್ಕೆ ದನಿ ಒಡೆಯಿತು. ಮೂರನೆಯದು ಅರ್ಧಕ್ಕೆ ನಿಂತಿತು.

"ಆಗ್ಲೇ ಚೆಂದಾಗಿತ್ತು," ಎಂದಳು ಸಣ್ಣಮ್ಮ. ನಗುತ್ತಿದ್ದಳು. "ನಡಿ, ಅನ್ನ ಆರೋಯ್ತದೆ."

ಅವರು ಮಠ ಸೇರಿದಾಗ ಬಿಸಿಲು ಓರೆಯಾಗಿತ್ತು. ಸಣ್ಣಮ್ಮನಿಗೆ ಸ್ವಾಮಿಗಳೇ ಬಡಿಸಿದರು. ಅವಳು ಅವರೆಕಾಳಿನ ಸಾರನ್ನು ಎರಡನೆಯ ಸಲ ಹಾಕಿಸಿಕೊಂಡಳು. ಉಪ್ಪು ಒಂದು ಕಲ್ಲು ಹೆಚ್ಚಾಯಿತು ಎಂದಳು. ದುಂಡಯ್ಯನಿಗೆ ಸಂತೋಷವೇ ಆಯಿತು.

"ಹತ್ತು ಲಕ್ಷದಲ್ಲಿ ಒಬ್ರಾದ್ರೂ ಬಂದ್ರಲ್ಲ ಬುದ್ಧಿ," ಎಂದ.

ಆಮೇಲೆ ಎಲ್ಲರೂ ಉಂಡರು. ಹಿತೇಶನೂ ಉಂಡ. ಅವನು ಎಲೆಯ ಚಿತ್ರ ತೆಗೆಯಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ, ಪಂಚಾಕ್ಷರಿಯ ಹೊರತು.

ಕೈ ತೊಳೆದು ಫೋನು ತೆಗೆದಾಗ ಐದು ದಾಟಿತ್ತು. ತನ್ವಿಯ ಮೆಸೇಜು ಇತ್ತು. ಅಕ್ಕಿ ಕಂಪನಿಯವರು ಬೇರೊಂದು ವಿಡಿಯೊ ಒಪ್ಪಿದ್ದರು. ಅದರಲ್ಲಿ ಅನ್ನದ ಪಾತ್ರೆಯ ಮುಂದೆ ನಾಯಿಮರಿಯೊಂದು ಕುಣಿಯುತ್ತಿತ್ತು. ಕೊನೆಯ ಸಾಲು: "ಸೋಮವಾರ ಮಾತಾಡೋಣ ಸರ್."

ಅವನು ಅದನ್ನು ಸ್ವಾಮಿಗಳಿಗೆ ಓದಿ ಹೇಳಿದ.

"ಕೆಲಸ ಹೋಗುತ್ತದೆಯೆ?" ಸ್ವಾಮಿಗಳು ಕೇಳಿದರು.

"ಹೋಗಬಹುದು ಬುದ್ಧಿ."

"ನಾಯಿಮರಿ ಚೆನ್ನಾಗಿ ಕುಣಿಯುತ್ತದೆಯೆ?"

ಪಂಚಾಕ್ಷರಿ ಅದನ್ನೂ ತೋರಿಸಿದ. ಇಬ್ಬರೂ ನೋಡಿದರು. ಚೆನ್ನಾಗಿಯೇ ಕುಣಿಯುತ್ತಿತ್ತು. ಇಬ್ಬರೂ ನಕ್ಕರು.

ಅವನು ಎದ್ದು ಹೆಬ್ಬಾಗಿಲಿಗೆ ಹೋದ. ಬಾಗಿಲ ಹಿಂದೆ ಮುದ್ದೆಯಾಗಿ ಬಿದ್ದಿದ್ದ ವಸ್ತ್ರವನ್ನು ಕೊಡವಿ, ಮತ್ತೆ ನೀರಿನಲ್ಲಿ ಅದ್ದಿ, ಅದರ ಜಾಗದಲ್ಲಿ ಹಾಕಿದ. ಹನಿಗಳು ಕಲ್ಲಿನ ಮೇಲೆ ಬೀಳತೊಡಗಿದವು. ಸ್ವಾಮಿಗಳು ಬಂದು ಪಕ್ಕದಲ್ಲಿ ನಿಂತರು. ಕೆಳಗೆ ಹೊಳೆಯ ಮೆಟ್ಟಿಲುಗಳು ಖಾಲಿಯಾಗಿದ್ದವು.

"ಬುದ್ಧಿ, ನಾನು ಮೊದಲ ಸಲ ಬಂದ ದಿನ ಕರೆದವರು ನೀವು."

"ಹೌದು."

"ನಾನು ಆ ಮೆಟ್ಟಿಲ ಮೇಲೆ ಕುಳಿತಿದ್ದೆ. ಕರೆ ಕೇಳಿತು. ಏಳಲು ನಾಚಿಕೆಯಾಯಿತು. ಹೋಗಲೊ ಬೇಡವೊ ಎಂದು ಕುಳಿತೇ ಇದ್ದೆ. ಬಿಸಿಲು ಇಳಿದ ಮೇಲೆ ಮೇಲೆ ಬಂದೆ. ನೀವು ಇಲ್ಲೇ ನಿಂತಿದ್ದಿರಿ."

"ಹೌದು."

"ಅಂದು ಒಳಗೆ ಬರುವಾಗ ನನ್ನ ಕೈ ವಸ್ತ್ರಕ್ಕೆ ತಾಗಿತ್ತು. ಗರಿಗರಿಯಾಗಿ ಒಣಗಿತ್ತು. ನಿಯಮದಂತೆ ನೀವು ಎಂದೋ ಒಳಗೆ ಹೋಗಬಹುದಾಗಿತ್ತು."

"ಹೋಗಬಹುದಾಗಿತ್ತು."

"ನಾನು ಬಂದೇ ಬರುತ್ತೇನೆ ಎಂದು ನಿಮಗೆ ಹೇಗೆ ಗೊತ್ತಾಯಿತು ಬುದ್ಧಿ?"

ಸ್ವಾಮಿಗಳು ಮೆಟ್ಟಿಲುಗಳ ಕಡೆಗೇ ನೋಡುತ್ತಿದ್ದರು.

"ಗೊತ್ತಿರಲಿಲ್ಲ. ಅದಕ್ಕೇ ಕಾದೆ."